ಹೆದ್ದಾರಿ ವೇಗದಲ್ಲಿ ವಾಹನದ ಕಂಪನ: ಕಾರಣ ಗುರುತಿಸುವ ಹಾಗೂ ಸರಿಪಡಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಊರೊಳಗಿನ ರಸ್ತೆಯಲ್ಲಿ ಸರಾಗವಾಗಿ ಸಾಗುವ ವಾಹನವು ಹೆದ್ದಾರಿಯನ್ನು ಏರಿ, ಗಂಟೆಗೆ 80 ಕಿ.ಮೀ. ವೇಗವನ್ನು ದಾಟಿದೊಡನೆ ನಡುಗತೊಡಗುವುದನ್ನು ತಾವು ಅನುಭವಿಸಿರಬಹುದು. ವೇಗ ಇಳಿಸಿದರೆ ನಡುಕವೂ ಇಳಿಯುತ್ತದೆ. ಆದುದರಿಂದ ‘ರಸ್ತೆಯೇ ಸರಿಯಿಲ್ಲ’ ಎಂದೋ ‘ಗಾಡಿ ಹಳೆಯದಾಯಿತು’ ಎಂದೋ ವಿಷಯವನ್ನು ಅಲ್ಲಿಗೇ ಬಿಡುವುದು ವಾಡಿಕೆ. ಈ ವಾಡಿಕೆ ಸರಿಯಲ್ಲ. ಕಂಪನವೆಂಬುದು ವಾಹನವು ತನ್ನ ದೋಷವನ್ನು ತಾನೇ ತಿಳಿಸುವ ಬಗೆ. ಅದು ಯಾವಾಗ, ಎಲ್ಲಿ, ಏನು ಮಾಡಿದಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ, ಒಂದು ಬೋಲ್ಟನ್ನೂ ಬಿಚ್ಚುವ ಮೊದಲೇ ದೋಷದ ಸ್ಥಾನವನ್ನು ಬಹುಮಟ್ಟಿಗೆ ಊಹಿಸಬಹುದು.

1. ಈ ವಿಷಯವು ಸದಸ್ಯರಿಗೆ ಏಕೆ ಅಗತ್ಯ

ತರಬೇತಿ, ಸಭೆ ಹಾಗೂ ಸ್ಥಳ ಪರಿಶೀಲನೆಗೆ ಪಂಚಾಯಿತಿಯ ಕೆಲಸದ ಮೇಲೆ ಬಾಡಿಗೆ ಕಾರು, ಜೀಪುಗಳು ಹೆದ್ದಾರಿಯಲ್ಲಿ ಸಂಚರಿಸುತ್ತವೆ. ತ್ಯಾಜ್ಯ ಸಂಗ್ರಹಿಸುವ ಸ್ವಚ್ಛವಾಹಿನಿಯು ಊರೊಳಗೆ ನಿಧಾನವಾಗಿ ಓಡುವುದರಿಂದ ಅದರ ಚಕ್ರದ ದೋಷ ತಿಂಗಳುಗಟ್ಟಲೆ ಗೊತ್ತಾಗದು. ಒಣ ತ್ಯಾಜ್ಯವನ್ನು ದೂರದ ಘಟಕಕ್ಕೆ ಸಾಗಿಸುವ ದಿನ, ತುಂಬಿದ ಹೊರೆಯೊಡನೆ ಹೆದ್ದಾರಿಗೆ ಬಂದಾಗಲೇ ಅದು ಪ್ರಕಟವಾಗುತ್ತದೆ. ಅನೇಕ ಪಂಚಾಯಿತಿಗಳಲ್ಲಿ ಈ ವಾಹನಗಳನ್ನು ನಡೆಸುವವರು ಸ್ವಸಹಾಯ ಸಂಘಗಳ ಮಹಿಳೆಯರು. ‘ಗಾಡಿ ನಡುಗುತ್ತದೆ’ ಎಂದು ಅವರು ತಿಳಿಸಿದಾಗ, ಅದನ್ನು ಚಾಲನೆಯ ಅನನುಭವವೆಂದು ತಳ್ಳಿಹಾಕದೆ ದೂರಾಗಿ ದಾಖಲಿಸಿಕೊಳ್ಳುವುದು ಪಂಚಾಯಿತಿಯ ಹೊಣೆ. ಟೈರು ಒಡೆಯುವ ಅಥವಾ ಚಕ್ರ ಕಳಚುವ ಅಪಘಾತಗಳಲ್ಲಿ ಮುನ್ಸೂಚನೆಯಾಗಿ ಬರುವುದು ಅನೇಕ ವೇಳೆ ಇದೇ ನಡುಕ.

ಇನ್ನೊಂದು ಕಾರಣ ಹಣಕಾಸಿನದು. ದೋಷವನ್ನು ಗುರುತಿಸದೆ ಒಂದಾದ ಮೇಲೊಂದು ಭಾಗವನ್ನು ಬದಲಿಸುತ್ತ ಹೋದರೆ ಬಿಲ್ಲು ಬೆಳೆಯುತ್ತದೆ, ನಡುಕ ಉಳಿಯುತ್ತದೆ. ಆ ಬಿಲ್ಲು ಬರುವುದು ತಮ್ಮ ಸಭೆಯ ಮುಂದೆಯೇ.

2. ಕಂಪನವು ವೇಗ ಹೆಚ್ಚಿದಾಗ ಮಾತ್ರ ಏಕೆ

ಹದಿನೈದು ಇಂಚಿನ ರಿಮ್ ಇರುವ ಸಾಮಾನ್ಯ ಕಾರಿನ ಟೈರು ಒಮ್ಮೆ ಉರುಳಿದರೆ ಸುಮಾರು 2 ಮೀಟರ್ ದೂರ ಸಾಗುತ್ತದೆ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಚಕ್ರವು ಒಂದು ಸೆಕೆಂಡಿನಲ್ಲಿ 12ರಿಂದ 13 ಬಾರಿ ಸುತ್ತುತ್ತದೆ. ಚಕ್ರದ ಒಂದು ಬದಿಯಲ್ಲಿ 30 ಗ್ರಾಂ ಭಾರ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಸುಮಾರು 3.5 ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಪ್ರತಿ ಸುತ್ತಿಗೂ ಎಳೆಯುತ್ತದೆ. ವೇಗ ಅರ್ಧವಾದರೆ ಈ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ದೋಷ ಕಾಣದಿರಲು ಇದೇ ಕಾರಣ.

ಇದರೊಡನೆ ಇನ್ನೊಂದು ಸಂಗತಿಯೂ ಸೇರಿದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳುವಿಕೆಯಿಂದಲೇ ಅದು ಎತ್ತರಕ್ಕೆ ಹೋಗುತ್ತದೆ. ಚಕ್ರ, ಅಚ್ಚು ಮತ್ತು ಸ್ಪ್ರಿಂಗುಗಳಿಗೂ ತಮ್ಮದೇ ಆದ ಲಯವಿದೆ. ಚಕ್ರದ ಸುತ್ತು ಆ ಲಯಕ್ಕೆ ಹೊಂದಿದಾಗ ನಡುಕ ತೀವ್ರವಾಗುತ್ತದೆ. ಅದನ್ನು ದಾಟಿದಾಗ ಕಡಿಮೆಯಾಗುತ್ತದೆ. 80ರಿಂದ 100 ಕಿ.ಮೀ. ನಡುವೆ ನಡುಗಿ, ಅದರ ಮೇಲೆ ಶಾಂತವಾಗುವ ವಾಹನದಲ್ಲಿ ದೋಷ ತಾನಾಗಿ ಸರಿಹೋಯಿತೆಂದು ಭಾವಿಸಬಾರದು. ಹೆಚ್ಚು ವೇಗವಾಗಿ ಓಡಿಸಿ ನಡುಕವನ್ನು ‘ದಾಟಿಸುವ’ ಅಭ್ಯಾಸವು ಅಪಾಯಕರ.

3. ಚಾಲಕರಿಗೆ ಕೇಳಬೇಕಾದ ಪ್ರಶ್ನೆಗಳು

(ಅ) ನಡುಕ ಎಲ್ಲಿ ತಿಳಿಯುತ್ತದೆ? ಸ್ಟೇರಿಂಗ್ ಹಿಡಿದ ಕೈಗೆ ತಿಳಿದರೆ ದೋಷ ಸಾಮಾನ್ಯವಾಗಿ ಮುಂದಿನ ಚಕ್ರಗಳಲ್ಲಿದೆ. ಸೀಟು ಮತ್ತು ನೆಲಕ್ಕೆ ತಿಳಿದರೆ ಹಿಂದಿನ ಚಕ್ರಗಳನ್ನು, ಹಿಂಚಕ್ರ ಚಾಲನೆಯ ಜೀಪು ಅಥವಾ ಸರಕು ವಾಹನವಾದರೆ ಪ್ರೊಪೆಲ್ಲರ್ ಶಾಫ್ಟನ್ನೂ ಶಂಕಿಸಬೇಕು.

(ಆ) ಏನು ಮಾಡಿದಾಗ ಬರುತ್ತದೆ? ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅಥವಾ ಪೆಡಲು ಅದುರಿದರೆ ಬ್ರೇಕ್ ಡಿಸ್ಕ್ ಅಸಮವಾಗಿ ಸವೆದಿರುವ ಸಾಧ್ಯತೆ ಹೆಚ್ಚು. (ಎಬಿಎಸ್ ಇರುವ ವಾಹನದಲ್ಲಿ ತುರ್ತಾಗಿ ಬ್ರೇಕ್ ಒತ್ತಿದಾಗ ಪೆಡಲು ಅದುರುವುದು ಸಹಜ, ಅದು ದೋಷವಲ್ಲ.) ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದೊಡನೆ ನಿಂತರೆ ಡ್ರೈವ್ ಶಾಫ್ಟಿನ ಜಾಯಿಂಟು ಅಥವಾ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು. ಒಂದೇ ವೇಗದಲ್ಲಿ ಸಮನಾಗಿ ಸಾಗುವಾಗಲೂ ನಡುಕ ಇದ್ದರೆ ಮೊದಲು ಚಕ್ರ ಮತ್ತು ಟೈರುಗಳನ್ನು ನೋಡಬೇಕು.

(ಇ) ಎಂಜಿನ್ನಿನ ವೇಗಕ್ಕೆ ಸಂಬಂಧವಿದೆಯೇ? ಅದೇ ವೇಗದಲ್ಲಿ ಒಂದು ಗೇರ್ ಕೆಳಗಿಳಿಸಿ ಓಡಿಸಿದರೂ ನಡುಕ ಹಾಗೆಯೇ ಉಳಿದರೆ ಅದು ಚಕ್ರಗಳದು ಅಥವಾ ಶಾಫ್ಟಿನದು. ಗೇರ್ ಬದಲಿಸಿದಾಗ ನಡುಕವೂ ಬದಲಾದರೆ, ಹಾಗೂ ವಾಹನ ನಿಂತಿರುವಾಗ ಎಂಜಿನ್ ರೇಸ್ ಮಾಡಿದರೂ ಬಂದರೆ, ಎಂಜಿನ್ ಅಥವಾ ಅದರ ಮೌಂಟಿಂಗಿನ ದೋಷ. ಈ ಪರೀಕ್ಷೆಗಾಗಿ ಚಲಿಸುವ ವಾಹನವನ್ನು ನ್ಯೂಟ್ರಲ್‌ಗೆ ಹಾಕಬಾರದು.

(ಈ) ಯಾವಾಗಿನಿಂದ? ಇದು ಎಲ್ಲಕ್ಕಿಂತ ಉಪಯುಕ್ತವಾದ ಪ್ರಶ್ನೆ. ಪಂಕ್ಚರ್ ಹಾಕಿಸಿದ ಮೇಲೆ ಆರಂಭವಾಗಿದ್ದರೆ ಚಕ್ರದ ತೂಕ ಬಿದ್ದಿದೆಯೇ, ನಟ್ಟುಗಳು ಸರಿಯಾಗಿ ಕೂತಿವೆಯೇ ಎಂದು ನೋಡಬೇಕು. ಗುಂಡಿಗೆ ಬಿದ್ದ ಮೇಲಾದರೆ ರಿಮ್ ಬಾಗಿರಬಹುದು ಅಥವಾ ಟೈರಿನೊಳಗೆ ಪೆಟ್ಟಾಗಿರಬಹುದು. ಮಳೆಯಲ್ಲಿ ಹೊಲದ ದಾರಿಯಲ್ಲಿ ಸಂಚರಿಸಿದ ಮೇಲಾದರೆ ಕಾರಣ ಬರಿಯ ಕೆಸರೂ ಆಗಿರಬಹುದು. ವಾಹನ ಹಲವು ವಾರ ನಿಂತಲ್ಲೇ ನಿಂತಿದ್ದರೆ ಟೈರಿನ ತಳ ಚಪ್ಪಟೆಯಾಗಿ, ಕೆಲವು ಕಿಲೋಮೀಟರ್ ಓಡಿದ ಮೇಲೆ ನಡುಕ ತಗ್ಗಬಹುದು. ತಗ್ಗದಿದ್ದರೆ ಟೈರನ್ನು ಪರೀಕ್ಷಿಸಬೇಕು.

4. ಖರ್ಚಿಲ್ಲದ ಪರಿಶೀಲನೆಯಿಂದ ಆರಂಭಿಸತಕ್ಕದ್ದು

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಈ ಕೆಳಗಿನವುಗಳನ್ನು ಕ್ರಮವಾಗಿ ನೋಡುವುದು.

ಮೊದಲನೆಯದಾಗಿ, ರಿಮ್ಮಿನ ಒಳಬದಿ. ನಮ್ಮ ಎರೆಮಣ್ಣಾಗಲಿ ಕೆಂಪುಮಣ್ಣಾಗಲಿ ಒದ್ದೆಯಿದ್ದಾಗ ರಿಮ್ಮಿನೊಳಗೆ ಅಂಟಿ, ಒಣಗಿ ಗಟ್ಟಿಯಾಗುತ್ತದೆ. ಒಂದೇ ಕಡೆ ಹಿಡಿ ಮಣ್ಣು ಅಂಟಿದ್ದರೂ ಚಕ್ರದ ಸಮತೋಲ ಕೆಡುತ್ತದೆ. ಹೊರಗಿನಿಂದ ವಾಹನ ಶುಭ್ರವಾಗಿ ಕಂಡರೂ ಒಳಬದಿಯನ್ನು ಕೆರೆದು, ನೀರು ಹಾಯಿಸಿ ತೊಳೆಯಬೇಕು. ಮಳೆಗಾಲದ ಎಷ್ಟೋ ನಡುಕಗಳು ಇಷ್ಟರಿಂದಲೇ ನಿಲ್ಲುತ್ತವೆ.

ಎರಡನೆಯದಾಗಿ, ಗಾಳಿಯ ಒತ್ತಡ. ಟೈರು ತಣ್ಣಗಿರುವಾಗ, ಎಂದರೆ ಬೆಳಿಗ್ಗೆ ಹೊರಡುವ ಮುನ್ನ, ಅಳೆಯಬೇಕು. ಸರಿಯಾದ ಒತ್ತಡವು ಚಾಲಕರ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಮೇಲೆಯೇ ಮುದ್ರಿತವಾದ ಅಂಕಿ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ.

ಮೂರನೆಯದಾಗಿ, ಟೈರಿನ ಮೈ. ಪಕ್ಕದಲ್ಲಿ ಬೊಕ್ಕೆಯಂತೆ ಉಬ್ಬಿದೆಯೇ, ನೆಲ ಮುಟ್ಟುವ ಭಾಗ ಒಂದೆಡೆ ಎದ್ದಿದೆಯೇ, ಸೀಳಿದೆಯೇ ಎಂದು ನೋಡಬೇಕು. ಕಾರಿನ ಟೈರಿನ ಹಳ್ಳಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿರಬಾರದು, ಹಳ್ಳಗಳೊಳಗಿನ ಸಣ್ಣ ದಿಣ್ಣೆಗಳಿಗೆ ಟೈರಿನ ಮೇಲ್ಮೈ ಸಮನಾಗಿದ್ದರೆ ಟೈರು ಮುಗಿದಂತೆ. ಟೈರಿನ ಪಕ್ಕದಲ್ಲಿ ಉಂಗುರದೊಳಗಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಕಡಿಮೆ ಓಡಿದ ವಾಹನದಲ್ಲಿ ಟೈರು ಸವೆಯದಿದ್ದರೂ ವಯಸ್ಸಿನಿಂದ ಗಡುಸಾಗಿ ಬಿರುಕು ಬಿಟ್ಟಿರಬಹುದು.

ನಾಲ್ಕನೆಯದಾಗಿ, ಚಕ್ರದ ನಟ್ಟುಗಳು. ಯಾವುದೂ ಸಡಿಲವಿರಬಾರದು, ಕಾಣೆಯಾಗಿರಬಾರದು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

5. ಗ್ಯಾರೇಜಿನಲ್ಲಿ ಮಾಡಿಸಬೇಕಾದುದು

ಮೇಲಿನವು ಸರಿಯಿದ್ದೂ ನಡುಕ ಉಳಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಬೇಕು. ಯಂತ್ರವು ಚಕ್ರವನ್ನು ತಿರುಗಿಸಿ, ಒಳಬದಿ ಹಾಗೂ ಹೊರಬದಿಗೆ ಎಷ್ಟು ಗ್ರಾಂ ತೂಕ ಬೇಕೆಂದು ತೋರಿಸುತ್ತದೆ. ತೂಕ ಅಂಟಿಸಿದ ಮೇಲೆ ಮತ್ತೆ ತಿರುಗಿಸಿದಾಗ ಎರಡೂ ಕಡೆ ಸೊನ್ನೆ ಬರಬೇಕು. ಚಕ್ರ ಸುತ್ತುವಾಗ ರಿಮ್ಮಿನ ಅಂಚು ಓಲಾಡುವುದೇ ಎಂದು ಅಲ್ಲಿಯೇ ಕಣ್ಣಾರೆ ನೋಡಬಹುದು. ಬಾಗಿದ ರಿಮ್ಮಿಗೂ ಉಬ್ಬಿದ ಟೈರಿಗೂ ತೂಕ ಅಂಟಿಸುವುದು ಪರಿಹಾರವಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. ಅಲೈನ್‌ಮೆಂಟ್ ಎಂದರೆ ಚಕ್ರಗಳು ನಿಲ್ಲುವ ಕೋನವನ್ನು ಸರಿಪಡಿಸುವುದು. ಅದು ತಪ್ಪಿದರೆ ವಾಹನ ಒಂದು ಬದಿಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ; ಆದರೆ ಸಾಮಾನ್ಯವಾಗಿ ಅದರಿಂದ ನೇರವಾಗಿ ನಡುಕ ಬರುವುದಿಲ್ಲ. ನಡುಕದ ದೂರಿಗೆ ಅಲೈನ್‌ಮೆಂಟ್ ಮಾತ್ರ ಮಾಡಿದ ಬಿಲ್ಲು ಬಂದರೆ ಪ್ರಶ್ನಿಸಲು ಅವಕಾಶವಿದೆ.

ದೋಷ ಯಾವ ಚಕ್ರದ್ದೆಂಬ ಸಂಶಯವಿದ್ದರೆ ಮುಂದಿನ ಚಕ್ರವನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡಬಹುದು. ಸ್ಟೇರಿಂಗಿನ ನಡುಕ ಸೀಟಿಗೆ ವರ್ಗಾವಣೆಯಾದರೆ ದೋಷ ಆ ಚಕ್ರದಲ್ಲೇ ಇದೆ. ಬದಲಾಗದಿದ್ದರೆ ಬೇರಿಂಗ್, ಬಾಲ್ ಜಾಯಿಂಟ್ ಮತ್ತು ಟೈರಾಡ್ ತುದಿಗಳನ್ನು ನೋಡಬೇಕು. ಮೆಕ್ಯಾನಿಕ್ ವಾಹನವನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ತಿಳಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಕ್ಕೆ ಬಲಕ್ಕೆ ಮಾತ್ರ ಅಲುಗಿದರೆ ಟೈರಾಡ್ ತುದಿ ಶಂಕಾಸ್ಪದ. ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು.

6. ಒಂದು ನಿದರ್ಶನ

ಜೀಪೊಂದು 70 ಕಿ.ಮೀ. ದಾಟಿದಾಗ ನಡುಗುತ್ತದೆಂದು ಭಾವಿಸೋಣ. ಬ್ಯಾಲೆನ್ಸಿಂಗ್ ಮಾಡಿಸಲಾಯಿತು, ಫಲವಿಲ್ಲ. ಮುಂದಿನ ಎರಡು ಟೈರು ಬದಲಿಸಲಾಯಿತು, ಆಗಲೂ ಇಲ್ಲ. ಈಗ ಬಿಲ್ಲು ಸಭೆಯ ಮುಂದಿದೆ. ಚಾಲಕರನ್ನು ಕೇಳಿದಾಗ ಅವರು ಹೇಳುವುದು: ‘ಸ್ಟೇರಿಂಗ್ ನಡುಗುವುದಿಲ್ಲ, ಸೀಟಿನ ಕೆಳಗೆ ಅದುರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಕಡಿಮೆಯಾಗುತ್ತದೆ. ಗೇರ್ ಹಾಕಿ ಹೊರಡುವಾಗ ಕೆಳಗೆ ಟಕ್ ಎಂದು ಶಬ್ದವೂ ಬರುತ್ತದೆ.’ ಈ ಮೂರು ಮಾತುಗಳೂ ಬೆರಳು ತೋರುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕಡೆಗೆ. ಮೊದಲ ದಿನವೇ ಕೇಳಿದ್ದರೆ ಎರಡು ಟೈರುಗಳ ಹಣ ಉಳಿಯುತ್ತಿತ್ತು. ಚಾಲಕರಿಗೆ ಉತ್ತರ ಗೊತ್ತಿತ್ತು, ಕೇಳಿದವರಿರಲಿಲ್ಲ.

7. ವಾಹನವನ್ನು ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

ನಡುಕ ಇದ್ದಕ್ಕಿದ್ದಂತೆ ಆರಂಭವಾದರೆ, ನಿಮಿಷ ನಿಮಿಷಕ್ಕೂ ಹೆಚ್ಚಾಗುತ್ತಿದ್ದರೆ, 30–40 ಕಿ.ಮೀ. ವೇಗದಲ್ಲೂ ಚಕ್ರ ಓಲಾಡಿದಂತಾದರೆ, ಟೈರಿನ ಮೇಲೆ ಉಬ್ಬು ಕಂಡರೆ, ನಟ್ಟು ಸಡಿಲವಿದ್ದರೆ ಅಥವಾ ಚಕ್ರದಿಂದ ಮೊರೆತ ಕೇಳಿಬಂದು ಅದು ತಿರುವಿನಲ್ಲಿ ಹೆಚ್ಚಾದರೆ, ಪ್ರಯಾಣ ಮುಂದುವರಿಸಬಾರದು. ಚಾಲಕರು ಹಠಾತ್ತಾಗಿ ಬ್ರೇಕ್ ಒತ್ತದೆ, ಸ್ಟೇರಿಂಗನ್ನು ಎರಡೂ ಕೈಗಳಿಂದ ಹಿಡಿದು, ನಿಧಾನಗೊಳಿಸಿ, ರಸ್ತೆಯ ಎಡಬದಿಗೆ ಸಾಕಷ್ಟು ಹೊರಗೆ ನಿಲ್ಲಿಸಿ ಎಚ್ಚರಿಕೆ ದೀಪ ಹಾಕಬೇಕು. ‘ಸಭೆಗೆ ತಡವಾಗುತ್ತದೆ, ಹೇಗಾದರೂ ನಡೆಸಿ’ ಎಂದು ವಾಹನದಲ್ಲಿರುವವರು ಒತ್ತಾಯಿಸಬಾರದು. ತಡವಾದುದಕ್ಕೆ ಸಮಜಾಯಿಷಿ ಕೊಡಬಹುದು. ಕಳೆದ ಜೀವಕ್ಕೆ ಕೊಡಲಾಗದು.

8. ಬಿಲ್ಲಿನ ಪರಿಶೀಲನೆ

‘ವಾಹನ ದುರಸ್ತಿ’ ಎಂದಷ್ಟೇ ಬರೆದ ಬಿಲ್ಲಿನಿಂದ ಏನೂ ತಿಳಿಯದು. ಬಿಲ್ಲಿನೊಡನೆ ಈ ವಿವರಗಳಿರಲಿ: ಚಾಲಕರ ದೂರು ಅವರದೇ ಮಾತಿನಲ್ಲಿ, ದೂರಿನ ದಿನಾಂಕ ಹಾಗೂ ಕಿ.ಮೀ. ಓದು, ಪತ್ತೆಯಾದ ದೋಷ, ಯಾವ ಚಕ್ರಕ್ಕೆ ಎಷ್ಟು ಗ್ರಾಂ ತೂಕ ಹಾಕಲಾಯಿತು ಅಥವಾ ಯಾವ ಭಾಗ ಬದಲಾಯಿತು, ಬಿಚ್ಚಿದ ಹಳೆಯ ಭಾಗವನ್ನು ಮರಳಿ ಪಡೆದ ಬಗ್ಗೆ ನಮೂದು, ಹಾಗೂ ದುರಸ್ತಿಯ ನಂತರ, ಮೊದಲು ನಡುಗುತ್ತಿದ್ದ ಅದೇ ವೇಗದಲ್ಲಿ ಓಡಿಸಿ ನೋಡಿದ ಚಾಲಕರ ಸಹಿ. ಈ ಕೊನೆಯ ಸಹಿ ಇಲ್ಲದೆ ದುರಸ್ತಿ ಪೂರ್ಣವಾಯಿತೆಂದು ತಿಳಿಯಲಾಗದು. ಇದಕ್ಕೆ ಪ್ರತ್ಯೇಕ ನಮೂನೆ ಬೇಕಿಲ್ಲ. ವಾಹನದ ಲಾಗ್ ಪುಸ್ತಕದ ಒಂದು ಪುಟ ಸಾಕು.

9. ಚರ್ಚೆಗಾಗಿ ಪ್ರಶ್ನೆಗಳು

(1) ನಮ್ಮ ಪಂಚಾಯಿತಿಯ ವಾಹನದ ನಾಲ್ಕು ಟೈರುಗಳು ಹಾಗೂ ಸ್ಟೆಪ್ನಿ ಯಾವ ವರ್ಷ, ಯಾವ ವಾರದಲ್ಲಿ ತಯಾರಾದವು?
(2) ಚಾಲಕರು ದೂರು ದಾಖಲಿಸಲು ಲಾಗ್ ಪುಸ್ತಕದಲ್ಲಿ ಸ್ಥಳವಿದೆಯೇ? ಹಿಂದಿನ ದೂರುಗಳಿಗೆ ಏನು ಕ್ರಮವಾಗಿದೆ?
(3) ಬ್ರೇಕ್ ಒತ್ತಿದಾಗ ಮಾತ್ರ ನಡುಗುವ ವಾಹನಕ್ಕೆ ನಾಲ್ಕು ಹೊಸ ಟೈರುಗಳ ಬೇಡಿಕೆ ಬಂದರೆ ತಾವು ಏನು ಕೇಳುವಿರಿ?
(4) ಮಳೆಗಾಲದಲ್ಲಿ ರಿಮ್ಮಿನ ಒಳಬದಿಯನ್ನು ತೊಳೆಯುವ ವ್ಯವಸ್ಥೆ ನಮ್ಮಲ್ಲಿ ಇದೆಯೇ?

ಮುಂದಿನ ಸಭೆಗೆ ಮೊದಲು ಸದಸ್ಯರು ಒಮ್ಮೆ ಚಾಲಕರೊಡನೆ ವಾಹನದ ಸುತ್ತ ನಡೆದು, ಮೊದಲ ಪ್ರಶ್ನೆಯ ಉತ್ತರವನ್ನು ತಾವೇ ಓದಿ ಬರೆದುಕೊಳ್ಳುವುದು ಈ ಪಾಠದ ಉತ್ತಮ ಅಭ್ಯಾಸ.