ಟ್ಯಾಬೋ, ಲ್ಯಾಪ್‌ಟಾಪೋ?

ಪ್ರಶ್ನೆ: ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ್ದೇನೆ. ದಿನವೂ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಒಂದನ್ನಷ್ಟೇ ಕೊಡಿಸುತ್ತಾರೆ. ಟ್ಯಾಬ್ ಸಾಕೇ, ಹಗುರವಾದ ಲ್ಯಾಪ್‌ಟಾಪ್ ಬೇಕೇ?

ಉತ್ತರ: ಒಂದೇ ಎಂದಾದರೆ ಲ್ಯಾಪ್‌ಟಾಪ್ ಕೊಳ್ಳಿ. ಮೊದಲ ವರ್ಷದಲ್ಲೇ ಪ್ರೋಗ್ರಾಮಿಂಗ್ ಜೊತೆಗೆ ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕೂಡ ಎದುರಾಗುತ್ತದೆ. ಪೈಥಾನ್ ಕಲಿಯಲು ಟ್ಯಾಬ್ ಸಾಕಾಗಬಹುದು. ಪೈಥಾನ್ ಕೋಡ್ ಬರೆದು ಓಡಿಸಬಹುದಾದ ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ನಡೆಯುತ್ತದೆ. ಆದರೆ ಸಾಲಿಡ್ ಎಡ್ಜ್‌ನಂಥ ವಿನ್ಯಾಸ ತಂತ್ರಾಂಶಕ್ಕೆ ವಿಂಡೋಸ್ ಬೇಕೇ ಬೇಕು. ಮ್ಯಾಕ್‌ಬುಕ್ ಮೇಲೆ ಕಣ್ಣಿಟ್ಟವರೂ ಇದನ್ನು ಗಮನಿಸಬೇಕು.

ಟ್ಯಾಬ್ ಕಳಪೆಯೇನಲ್ಲ. ತೂಕ ಸುಮಾರು ಅರ್ಧ ಕಿಲೋ. ಸಮೀಕರಣ, ಸರ್ಕ್ಯೂಟ್‌ಗಳನ್ನು ಪೆನ್ನಿನಲ್ಲೇ ಬರೆದುಕೊಳ್ಳಬಹುದು, ಪಿಡಿಎಫ್ ಮೇಲೆ ಗುರುತು ಹಾಕಬಹುದು. ಓದು, ಟಿಪ್ಪಣಿಯೇ ಹೆಚ್ಚಿರುವ ಕಾನೂನು ಅಥವಾ ವೈದ್ಯಕೀಯ ವಿದ್ಯಾರ್ಥಿಗೆ, ಅದರಲ್ಲೂ ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ, ನಾನು ಟ್ಯಾಬನ್ನೇ ಸೂಚಿಸುತ್ತಿದ್ದೆ. ಪೆನ್ನು, ಕೀಬೋರ್ಡ್ ಸಾಮಾನ್ಯವಾಗಿ ಪ್ರತ್ಯೇಕ ಖರೀದಿ; ಮೂರನ್ನೂ ಕೂಡಿಸಿದರೆ ಬೆಲೆ ಲ್ಯಾಪ್‌ಟಾಪಿನ ಹತ್ತಿರಕ್ಕೇ ಬರಬಹುದು.

ಬಸ್ ಪ್ರಯಾಣಕ್ಕೆ 1.4 ಕಿಲೋ ಒಳಗಿನ ಮಾದರಿ ನೋಡಿ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದು ಹೆಚ್ಚು, ಆಮೇಲೆ ಹೆಚ್ಚಿಸಲಾಗದು. ಯುಎಸ್‌ಬಿ-ಸಿ ಚಾರ್ಜಿಂಗ್ ಇದ್ದರೆ ಅದೇ ಚಾರ್ಜರ್ ಫೋನಿಗೂ ಆದೀತು.

ಅಂಗಡಿಗೆ ಹೋಗುವ ಮುನ್ನ ನಿಮ್ಮ ವಿಭಾಗದ ಸೀನಿಯರ್‌ಗಳಿಂದ ಮುಂದಿನ ಸೆಮಿಸ್ಟರ್‌ಗಳ ತಂತ್ರಾಂಶಗಳ ಪಟ್ಟಿ ಪಡೆಯಿರಿ. ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ. ಹಲವು ಕಂಪನಿಗಳು ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತವೆ.