ಕಾಲವನ್ನು ಬರೆಯುವ ಗಡಿಯಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲೂಕುಗಳಲ್ಲಿ ಬೇರೆ ಬೇರೆಯಾಗಿ ನೂರು ಮೀಟರ್ ಓಟ ನಡೆಯಿತೆಂದೂ, ದಾಖಲಾದ ಕಾಲವನ್ನಷ್ಟೇ ನೋಡಿ ಜಿಲ್ಲೆಯ ತಂಡಕ್ಕೆ ಒಬ್ಬ ಬಾಲಕನನ್ನು ಆರಿಸಬೇಕೆಂದೂ ಭಾವಿಸೋಣ. ಮುಂದಿರುವವರು ಇಬ್ಬರು. ಮಾಲೂರಿನ ಹುಡುಗನ ಕಾಲ 12.3 ಸೆಕೆಂಡು, ಶ್ರೀನಿವಾಸಪುರದವನದು 12.1. ಎರಡನೆಯವನೇ ಹೆಚ್ಚು ವೇಗಶಾಲಿಯೆ? ತೀರ್ಪು ಕೊಡುವ ಮೊದಲು, ಕಾಲವನ್ನು ಅಳೆದ ಉಪಕರಣವನ್ನೂ ಅಳೆದ ರೀತಿಯನ್ನೂ ವಿಚಾರಿಸುವುದು ನ್ಯಾಯ.

ಅಲ್ಪಾವಧಿಗಳನ್ನು ಅಳೆಯುವ ಗಡಿಯಾರಕ್ಕೆ ಕ್ರೋನೋಗ್ರಾಫ್ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ 'ಕಾಲವನ್ನು ಬರೆಯುವುದು' ಎಂದರ್ಥ. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ನಿಕೋಲಾ ರಿಯೊಸೆಕ್ ಎಂಬಾತನು ಬಳಸಿದ ಯಂತ್ರವು ಅಕ್ಷರಶಃ ಬರೆಯುತ್ತಿತ್ತು: ಕುದುರೆ ಗುರಿ ದಾಟಿದೊಡನೆ ತಿರುಗುವ ಬಿಲ್ಲೆಯ ಮೇಲೆ ಮಸಿಯ ಚುಕ್ಕೆ ಬೀಳುತ್ತಿತ್ತು. ಅದಕ್ಕೂ ಮೊದಲು, 1816ರಲ್ಲಿ, ಲೂಯಿ ಮೊಯ್ನೆ ಎಂಬಾತನು ಖಗೋಳ ವೀಕ್ಷಣೆಗಾಗಿ ಸೆಕೆಂಡಿನ ಅರುವತ್ತನೆಯ ಒಂದು ಭಾಗವನ್ನು ತೋರುವ ಗಡಿಯಾರವನ್ನು ನಿರ್ಮಿಸಿದ್ದನು.

ಇಂದಿನ ಕ್ರೋನೋಗ್ರಾಫಿನಲ್ಲಿ ಮಸಿಯಿಲ್ಲ. ಗುಂಡಿಯನ್ನೊತ್ತಿದಾಗ, ಓಡುತ್ತಿರುವ ಗಡಿಯಾರದ ಚಕ್ರಗಳಿಗೆ ಇನ್ನೊಂದು ಹಲ್ಲುಚಕ್ರ ಸೇರಿಕೊಂಡು ಸೆಕೆಂಡಿನ ಮುಳ್ಳು ಹೊರಡುತ್ತದೆ. ಮತ್ತೆ ಒತ್ತಿದರೆ ಅದು ಬೇರ್ಪಟ್ಟು ಮುಳ್ಳು ನಿಲ್ಲುತ್ತದೆ. ಮುಳ್ಳಿನ ಅಕ್ಷಕ್ಕೆ ಹೃದಯಾಕಾರದ ಪುಟ್ಟ ಬಿಲ್ಲೆಯೊಂದುಂಟು. ಸನ್ನೆಯೊಂದು ಅದರ ಅಂಚನ್ನು ಒತ್ತಿದರೆ, ಬಿಲ್ಲೆಯು ಎಲ್ಲಿದ್ದರೂ ತಿರುಗಿ ತನ್ನ ತಗ್ಗಿನ ಭಾಗಕ್ಕೇ ಬಂದು ನಿಲ್ಲುವುದು. ಮುಳ್ಳು ಸೊನ್ನೆಗೆ ಮರಳುವುದು.

ಸೂಕ್ಷ್ಮತೆಗೆ ಮಿತಿಯನ್ನು ಹಾಕುವುದು ಗಡಿಯಾರದ ಬಡಿತ. ಬೆಂಗಳೂರಿನ ಎಚ್‌ಎಂಟಿ ಜನತಾ ಗಡಿಯಾರದ ಬಡಿತ ಗಂಟೆಗೆ 18,000, ಎಂದರೆ ಸೆಕೆಂಡಿಗೆ ಐದು. ಅಂಥ ಬಡಿತದ ಯಂತ್ರವು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅಳೆಯಲಾರದು. ಹತ್ತನೆಯ ಒಂದು ಭಾಗವನ್ನು ಅಳೆಯಲು ಗಂಟೆಗೆ 36,000 ಬಡಿತಗಳು ಬೇಕು.

ಈಗ ನಮ್ಮ ಓಟಕ್ಕೆ ಬರೋಣ. ಪಿಸ್ತೂಲು ಸಿಡಿಯುವುದು ಆರಂಭದಲ್ಲಿ. ಕಾಲಮಾಪಕರು ನಿಲ್ಲುವುದು ನೂರು ಮೀಟರ್ ಆಚೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಆದುದರಿಂದ ಸದ್ದು ಅವರನ್ನು ತಲಪಲು 0.29 ಸೆಕೆಂಡು ಬೇಕು. ಪಿಸ್ತೂಲಿನ ಹೊಗೆಯಾದರೋ ಒಡನೆಯೇ ಕಾಣುತ್ತದೆ. ಮಾಲೂರಿನವರು ಹೊಗೆಯನ್ನು ನೋಡಿ, ಶ್ರೀನಿವಾಸಪುರದವರು ಸದ್ದನ್ನು ಕೇಳಿ ಗುಂಡಿಯನ್ನೊತ್ತಿದ್ದರೆ, ಎರಡನೆಯವರ ಲೆಕ್ಕಕ್ಕೆ 0.29ನ್ನು ಕೂಡಿಸಬೇಕು. ಆಗ 12.1 ಎಂಬುದು ಸುಮಾರು 12.4 ಆಗುತ್ತದೆ, ಮಾಲೂರಿನ ಹುಡುಗನೇ ಮುಂದೆ! ಇಬ್ಬರ ನಡುವೆ ಉಳಿದ ಅಂತರ ಕೈಯ ಅಳತೆಯ ದೋಷದಷ್ಟೇ ಇರುವುದರಿಂದ, ಇಬ್ಬರನ್ನೂ ಒಟ್ಟಿಗೆ ಓಡಿಸಿ ನೋಡುವುದೇ ಸರಿಯಾದ ಮಾರ್ಗ.

ಇಷ್ಟು ಚಿಕ್ಕ ಅಂತರಗಳಿಗೆ ಬೆಲೆಯುಂಟೆ? 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ಅವರ ಕೈಗಡಿಯಾರದ ಕಾಲ 45.6 ಸೆಕೆಂಡು, ಮೂರನೆಯವನದು 45.5. 1984ರ ಲಾಸ್ ಏಂಜಲೀಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಪಿ. ಟಿ. ಉಷಾ ಅವರು ಕಂಚಿನ ಪದಕವನ್ನು ಕಳೆದುಕೊಂಡದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಇಂಥ ಅಂತರವನ್ನು ಬೆರಳು ಅಳೆಯಲಾರದು. 400 ಮೀಟರ್‌ವರೆಗಿನ ವಿಶ್ವದಾಖಲೆಗಳಿಗೆ 1977ರಿಂದ ಸ್ವಯಂಚಾಲಿತ ವಿದ್ಯುತ್ ಕಾಲಮಾಪನ ಕಡ್ಡಾಯವಾದುದು ಈ ಕಾರಣದಿಂದಲೇ.

1932ರ ಲಾಸ್ ಏಂಜಲೀಸ್ ಕ್ರೀಡೆಗಳಿಗೆ ಒಮೇಗಾ ಸಂಸ್ಥೆ 30 ಕ್ರೋನೋಗ್ರಾಫುಗಳನ್ನು ಒಯ್ದಿತ್ತು; 1964ರಲ್ಲಿ ಟೋಕಿಯೋದ ಹೊಣೆ ಸೈಕೋ ಸಂಸ್ಥೆಯದು. ಆ ಪರಂಪರೆಯ ನೆನಪಿಗೆಂದು ಈಗಲೂ ಸೀಮಿತ ಸಂಖ್ಯೆಯ ಸ್ಮಾರಕ ಗಡಿಯಾರಗಳು ಹೊರಬರುತ್ತವೆ. ಅವುಗಳಲ್ಲಿ ಕೊಳ್ಳುವವರು ಬೆಲೆ ಕೊಡುವುದು ಕುಶಲಕರ್ಮಕ್ಕೆ, ಇತಿಹಾಸಕ್ಕೆ. ನಿಖರತೆಯಲ್ಲಿ ಸಾಧಾರಣ ಕ್ವಾರ್ಟ್ಸ್ ಗಡಿಯಾರವೇ ಅವುಗಳನ್ನು ಮೀರಿಸುತ್ತದೆ. ಎಷ್ಟೋ ಕ್ರೋನೋಗ್ರಾಫುಗಳ ಅಂಚಿನಲ್ಲಿ ಕಾಣುವ ವೇಗದ ಅಂಕಿಗಳ ಗುಟ್ಟು ಸುಲಭ: 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸುವುದು. ಕೋಲಾರದಿಂದ ಮುಳಬಾಗಿಲಿಗೆ ಬಸ್ಸಿನಲ್ಲಿ ಹೋಗುವಾಗ ವಾಚಕರು ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ಕಾಲವನ್ನು ಎಣಿಸಿ ನೋಡಲಿ. 45 ಸೆಕೆಂಡು ಹಿಡಿದರೆ ವೇಗ ಗಂಟೆಗೆ 80 ಕಿಲೋಮೀಟರ್.