‘ನರಕ’ವೂ ‘ನಿತ್ಯ’ವೂ: ಕನ್ನಡ ಕ್ರೈಸ್ತ ಪರಿಭಾಷೆಯ ಒಂದು ಜಿಜ್ಞಾಸೆ

ದೇವರು ಪ್ರೇಮಸ್ವರೂಪಿಯಾದರೆ ಆತನ ಸೃಷ್ಟಿಯಲ್ಲಿ ಕೊನೆಯಿಲ್ಲದ ಯಾತನೆಗೆ ಎಡೆಯುಂಟೆ? ಇದು ಕ್ರೈಸ್ತ ಚಿಂತನೆಯನ್ನು ಆರಂಭದ ಶತಮಾನಗಳಿಂದಲೂ ಕಾಡುತ್ತ ಬಂದಿರುವ ಪ್ರಶ್ನೆ. 3ನೆಯ ಶತಮಾನದ ಓರಿಜೆನ್ ದೈವದಂಡನೆಯನ್ನು ಚಿಕಿತ್ಸೆಯೆಂದು ಗ್ರಹಿಸಿ, ಕಡೆಗೆ ಸಮಸ್ತ ಜೀವಗಳೂ ದೇವರಲ್ಲಿಗೆ ಮರಳುವ ಪುನಃಸ್ಥಾಪನೆಯನ್ನು ನಿರೀಕ್ಷಿಸಿದನು. 4ನೆಯ ಶತಮಾನದ ನಿಸ್ಸಾದ ಗ್ರೆಗೊರಿಯ ನಿಲುವೂ ಇದೇ. ಓರಿಜೆನ್ ಪಂಥದ ವಿಚಾರಗಳು 553ರ ಕಾನ್‌ಸ್ಟಾಂಟಿನೋಪಲ್ ಸಭೆಯ ಸಂದರ್ಭದಲ್ಲಿ ಖಂಡನೆಗೊಳಗಾದವು. ಈ ವಿವಾದವನ್ನು ಕನ್ನಡದಲ್ಲಿ ಓದುವಾಗ ಅದು ಕೇವಲ ದೈವಶಾಸ್ತ್ರದ ಪ್ರಶ್ನೆಯಾಗಿ ಉಳಿಯದೆ ಪದಾರ್ಥದ ಪ್ರಶ್ನೆಯೂ ಆಗುತ್ತದೆ. ಏಕೆಂದರೆ ‘ನರಕ’ವು ಕ್ರೈಸ್ತರು ಸೃಷ್ಟಿಸಿದ ಪದವಲ್ಲ, ಬಹುಕಾಲ ಬಾಳಿದ ಪದ.

ಆ ಬಾಳಿನ ಒಂದು ನೆಲೆಯನ್ನು ಕಟ್ಟೆಮಳಲವಾಡಿಯನ್ನು ಒಳಗೊಂಡ ಹುಣಸೂರು ಸೀಮೆಯಲ್ಲಿಯೇ ಕಾಣಬಹುದು. ಇದೇ ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ‘ಸಮ್ಯಕ್ತ್ವ ಕೌಮುದಿ’ಯನ್ನು ರಚಿಸಿದ ಜೈನಕವಿ. ಆತನ ಪರಂಪರೆಯಲ್ಲಿ ನರಕಭೂಮಿಗಳು ಏಳು. ಕಡೆಯದರ ಪರಮಾಯುಷ್ಯ 33 ಸಾಗರೋಪಮ. ಎಣಿಕೆಗೆ ನಿಲುಕದ ಕಾಲವಾದರೂ ಅದಕ್ಕೆ ಕೊನೆಯುಂಟು. ನರಕಕ್ಕಿಳಿದ ಶ್ರೇಣಿಕ ಮಹಾರಾಜನೇ ಮುಂದಿನ ಕಾಲಚಕ್ರದಲ್ಲಿ ಮೊದಲ ತೀರ್ಥಂಕರನಾಗುವನು. ಹಾಗೆಂದು ಜೈನಮತವು ಎಲ್ಲರಿಗೂ ಮುಕ್ತಿಯನ್ನು ಸಾರುವುದಿಲ್ಲ, ಅಭವ್ಯಜೀವಗಳಿಗೆ ಮೋಕ್ಷವಿಲ್ಲ. ಆದರೆ ಅವುಗಳ ಪಾಡು ನರಕದಲ್ಲಿ ಶಾಶ್ವತ ವಾಸವಲ್ಲ, ಮುಗಿಯದ ಭವಭ್ರಮಣ. ಪುರಾಣಗಳ ನರಕವೂ ಸಾಮಾನ್ಯವಾಗಿ ಪಾಪಫಲ ತೀರುವವರೆಗಿನ ತಾಣ.

ಇದಕ್ಕೆ ಹೊರತಾದುದು 13ನೆಯ ಶತಮಾನದಲ್ಲಿ ಉಡುಪಿಯ ಪರಿಸರದಲ್ಲಿ ಜನಿಸಿದ ಮಧ್ವಾಚಾರ್ಯರ ಮತ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಜೀವತ್ರೈವಿಧ್ಯದಲ್ಲಿ ಕಡೆಯವರಿಗೆ ಅಂಧತಮಸ್ಸಿನಿಂದ ಬಿಡುಗಡೆಯಿಲ್ಲ. ಈ ಸಾಮ್ಯವನ್ನು ಮುಂದಿಟ್ಟು ಮಾಧ್ವಮತದ ಮೇಲೆ ಕ್ರೈಸ್ತ ಪ್ರಭಾವವನ್ನು ಊಹಿಸಿದವರುಂಟು. ಆದರೆ ಇಲ್ಲಿ ಗತಿಯನ್ನು ನಿರ್ಣಯಿಸುವುದು ಜೀವದ ಅನಾದಿ ಸ್ವಭಾವ. ಕ್ರೈಸ್ತ ವಾದದ ಕೇಂದ್ರದಲ್ಲಿರುವುದು ಸೃಷ್ಟಿಗೊಂಡ ಜೀವದ ಪಾಪ ಮತ್ತು ದೇವರ ಕೃಪೆ. ಫಲ ಒಂದೇ ಬಗೆಯದಾಗಿ ಕಂಡರೂ ಕಾರಣ ಬೇರೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಕನ್ನಡ ಬೈಬಲಿಗೆ ಅಡಿಪಾಯ ಹಾಕಿದನು. ಕನ್ನಡ ಬೈಬಲಿನಲ್ಲಿ ನೆಲೆಗೊಂಡ ಬಳಕೆಯಂತೆ ‘ಗೆಹೆನ್ನ’ ನರಕವಾಯಿತು. ಸತ್ತವರ ಲೋಕವಾದ ‘ಹೇಡಿಸ್’ ಪಾತಾಳವಾಯಿತು. ಮೊದಲನೆಯದು ಜೆರೂಸಲೇಮಿನ ಬಳಿಯ ಹಿನ್ನೋಮ್ ಕಣಿವೆಯ ಹೆಸರಿನಿಂದ ಬಂದುದು. ಪಾತಾಳವಾದರೋ ಪುರಾಣಗಳಲ್ಲಿ ನಾಗರ ನೆಲೆ, ದಂಡನೆಯ ಸ್ಥಾನವಲ್ಲ. ಈ ಪದಗಳಲ್ಲಿ ಯಾವುದೂ ತಾನಾಗಿಯೇ ಅನಂತಯಾತನೆಯನ್ನು ಸೂಚಿಸುವುದಿಲ್ಲ. ಆದುದರಿಂದ ಆ ಅರ್ಥಭಾರವೆಲ್ಲ ‘ನಿತ್ಯ’ ಎಂಬ ವಿಶೇಷಣದ ಮೇಲೆ ಬಿದ್ದಿತು.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಕಡೆಯ ವಾಕ್ಯದಲ್ಲಿ ದಂಡನೆ, ಜೀವ ಎರಡಕ್ಕೂ ‘ಅಯೋನಿಯೊಸ್’ ಎಂಬ ಒಂದೇ ಗ್ರೀಕ್ ವಿಶೇಷಣವಿದೆ. ಜೀವಕ್ಕೆ ಕೊನೆಯಿಲ್ಲದಿದ್ದರೆ ದಂಡನೆಗೂ ಇಲ್ಲವೆಂಬುದು ಆಗಸ್ಟೀನನ ತರ್ಕ. ಆ ಪದದ ಮೂಲ ‘ಯುಗ’ವಾಚಿಯಾದುದರಿಂದ ಬರಲಿರುವ ಯುಗಕ್ಕೆ ಸೇರಿದ್ದು ಎಂದಷ್ಟೇ ಅರ್ಥವೆಂಬುದು ಪ್ರತಿವಾದ. ಡೇವಿಡ್ ಬೆಂಟ್ಲಿ ಹಾರ್ಟ್ 2019ರ ತನ್ನ ಕೃತಿಯಲ್ಲಿ ಸರ್ವರ ರಕ್ಷಣೆಯನ್ನು ಪ್ರತಿಪಾದಿಸಿದ ಮೇಲೆ ಈ ಚರ್ಚೆ ಮತ್ತೆ ಬಿಸಿಯೇರಿತು. ‘ನಿತ್ಯ’ವೆಂಬ ಅನುವಾದವು ಗ್ರೀಕಿನಲ್ಲಿ ತೆರೆದಿದ್ದ ಈ ವಿಕಲ್ಪವನ್ನು ಕನ್ನಡ ಓದುಗನಿಗೆ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಿನ್ನೆಲೆಯೂ ಇಲ್ಲಿ ಗಮನಾರ್ಹ. ಅದರ ಹಲವು ಮಿಶನರಿಗಳ ತವರಾದ ವುರ್ಟೆಂಬರ್ಗಿನಲ್ಲಿ ಲೂಥರನ್ ಸಭೆಯ 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯು ದಂಡನೆಗೆ ಅಂತ್ಯವುಂಟೆಂಬ ಮತವನ್ನು ನಿರಾಕರಿಸಿತ್ತು; ಅಲ್ಲಿನ ಭಕ್ತವಲಯದ ಮಿಖಾಯೆಲ್ ಹಾನ್ ಅದೇ ಮತವನ್ನು ಬೋಧಿಸಿದ್ದನು. ಮಿಶನರಿ ಸಾಹಿತ್ಯವನ್ನು ಏಕಧ್ವನಿಯೆಂದು ಭಾವಿಸುವವರಿಗೆ ಇದೊಂದು ಎಚ್ಚರಿಕೆ.

ಒಟ್ಟಿನಲ್ಲಿ, ಜೈನಕಾವ್ಯ, ದಾಸಸಾಹಿತ್ಯ, ಬೈಬಲ್ ಇವುಗಳಲ್ಲಿ ಬರುವ ‘ನರಕ’ವನ್ನು ಒಂದೇ ನಿಘಂಟಿನ ಅರ್ಥದಿಂದ ಅಳೆಯಲಾಗದು. ಯಾತನೆ ಮೂರರಲ್ಲೂ ಇದೆ. ಅದಕ್ಕೆ ಕೊನೆಯುಂಟೆ ಎಂಬಲ್ಲಿ ಅವು ಬೇರೆಯಾಗುತ್ತವೆ. ಆದುದರಿಂದ ಪಾಠದಲ್ಲಿ ಮೊದಲು ಪರಿಶೀಲಿಸಬೇಕಾದುದು ನರಕದ ವರ್ಣನೆಯನ್ನಲ್ಲ, ಕಾಲವನ್ನು ಸೂಚಿಸುವ ವಿಶೇಷಣವನ್ನು.